ಹಗ್ಗದ ಮೇಲೆ ಬೆರಳು

ರಿಯಾದಿನಲ್ಲಿ ಖರ್ಜೂರದ ಮರಗಳ ಒಣಗರಿ ಕಡಿಯುವ ನಮ್ಮ ಗುಂಪಿಗೆ ಉಡುಪಿ ಕಡೆಯ ಒಬ್ಬರು ಮೇಸ್ತ್ರಿ. ಸೊಂಟಕ್ಕೂ ಮರಕ್ಕೂ ಸುತ್ತುವ ಹಗ್ಗದ ಮೇಲೆ ದಿನಾ ಕಣ್ಣು ಮುಚ್ಚಿ, ಸವೆದ ಎಳೆ ಹುಡುಕುತ್ತಾ ಬೆರಳಾಡಿಸುತ್ತಿದ್ದರು. "ಮೊದಲು ಹಗ್ಗ ನೋಡು ಮಾರಾಯ, ಮತ್ತೆ ಮರ."

ಒಂದು ದಿನ ಮರದ ತುದಿಯಲ್ಲಿ ಅವರ ಯಂತ್ರದ ಗರಗಸ ಹಗ್ಗಕ್ಕೇ ತಾಗಿ, ಅರ್ಧ ಎಳೆಗಳು ಬಿಚ್ಚಿಕೊಂಡವು. ಗರಗಸ ನಿಲ್ಲಿಸಿ, ಕಾಂಡವನ್ನು ತಬ್ಬಿಕೊಂಡು, ಕೆಳಗಿದ್ದ ನನಗೆ ಮೆತ್ತಗೆ ಹೇಳಿದರು: "ಏಣಿ ತಾ. ಓಡಬೇಡ, ಬೀಳ್ತೀಯ."

ಕೆಳಗಿಳಿದವರೇ ಆ ಹಗ್ಗವನ್ನು ಕತ್ತಿಯಿಂದ ತುಂಡು ತುಂಡು ಮಾಡಿದರು.

"ಗಂಟು ಹಾಕಿದ್ರೆ ಆಗ್ತಿತ್ತಲ್ಲ?" ಸೂಪರ್‌ವೈಸರ್ ರೇಗಿದ.

"ಹಾಕ್ತೀರಿ ಅಂತಲೇ ಕಡಿದದ್ದು."

ಅವನು ನನ್ನತ್ತ ತಿರುಗಿದ. "ಯಲ್ಲಾ, ಬೇಗ ಬೇಗ, ನೀನು ಹತ್ತು."

ಮೇಸ್ತ್ರಿ ನನ್ನ ಹಗ್ಗ ಇಸಿದುಕೊಂಡು ಕಣ್ಣು ಮುಚ್ಚಿದರು. ಸರಿಯುತ್ತಾ ಹೋದ ಬೆರಳು ಒಂದು ಕಡೆ ನಿಂತಿತು.