ಅಕ್ಕ ಹೇಳಿಕೊಟ್ಟ ಉತ್ತರ

ನಮ್ಮ ಅಕ್ಕ ಕಲಿತದ್ದು ನಾಲ್ಕನೇ ಇಯತ್ತೆ. ಆದರೆ ಆರು ವರ್ಷದಿಂದ ತಪ್ಪದೆ ಎಂಬಿಬಿಎಸ್ ಫೈನಲ್ ಪರೀಕ್ಷೆಗೆ ಹಾಜರಾಗುತ್ತಿದ್ದಾಳೆ.

ನಗಬೇಡಿ. ವಿದ್ಯಾರ್ಥಿಯಾಗಿ ಅಲ್ಲ, ಪೇಷಂಟ್ ಆಗಿ. ಚಿಕ್ಕಂದಿನಲ್ಲಿ ಬಂದ ಜ್ವರದಿಂದ ಅವಳ ಹೃದಯದ ಒಂದು ಕವಾಟ ಬಿಗಿದುಕೊಂಡಿದೆ. ಸ್ಟೆತೊಸ್ಕೋಪ್ ಇಟ್ಟರೆ ಬಡಿತದ ನಡುವೆ ಗುರುಗುರು ಸದ್ದು. ಹೀಗಾಗಿ ಡಾಕ್ಟರುಗಳ ಭಾಷೆಯಲ್ಲಿ ಅಕ್ಕ 'ಒಳ್ಳೆ ಕೇಸ್'. ಇಂಥವರನ್ನು ಪರೀಕ್ಷೆಯ ದಿನ ಕರೆಸಿ ಮಂಚದ ಮೇಲೆ ಮಲಗಿಸುತ್ತಾರೆ. ಹುಡುಗರು ಮುಟ್ಟಿ, ತಟ್ಟಿ, ಆಲಿಸಿ, ಕಾಯಿಲೆ ಏನೆಂದು ಪರೀಕ್ಷಕರಿಗೆ ಹೇಳಬೇಕು. (ಕಾಯಿಲೆ ಇದ್ದದ್ದಕ್ಕೆ ಮೆಚ್ಚುಗೆ ಸಿಗುವ ಜಾಗ ಇದೊಂದೇ ಇರಬೇಕು.)

ಅಕ್ಕ ಇರುವುದು ಘಾಟಬೋರಾಳದಲ್ಲಿ, ನಾನು ಬಸವಕಲ್ಯಾಣದಲ್ಲಿ. ಈ ಸಲ ಕರೆ ಬಂದಾಗ ಅವಳ ಮಗನಿಗೆ ಪುರಸೊತ್ತಿರಲಿಲ್ಲ. ರಿಟೈರ್ಡ್ ಮೇಷ್ಟ್ರಿಗೆ ಇನ್ನೇನು ಕೆಲಸ? ಹುಮನಾಬಾದ್ ಬಸ್‌ಸ್ಟ್ಯಾಂಡಿನಲ್ಲಿ ನಾನೇ ಅವಳ ಜೊತೆಗೂಡಿದೆ. ಕಾಲೇಜು ಅಲ್ಲಿಂದ ಒಂದು ತಾಸಿನ ದಾರಿ. ಬಸ್ಸಿನ ಮೆಟ್ಟಿಲು ಹತ್ತುವಷ್ಟರಲ್ಲಿ ಅಕ್ಕ ಏದುಸಿರು ಬಿಟ್ಟಳು. ವಯಸ್ಸಾಯಿತಲ್ಲ, ಅಂದುಕೊಂಡು ಸುಮ್ಮನಾದೆ.

ದಾರಿಯಲ್ಲಿ ಅಕ್ಕ ಒಂದು ಗುಟ್ಟು ಹೇಳಿದಳು. ಪ್ರತಿ ವರ್ಷ ಅವಳು ಹುಡುಗರಿಗೆ ಉತ್ತರ ಹೇಳಿಕೊಡುತ್ತಾಳಂತೆ!

"ಅಕ್ಕಾ, ಅದು ಕಾಪಿ ಆಗ್ತದ" ಅಂದೆ.

"ಇರ್ಲಿ ಬಿಡೋ. ಪಾಪ, ಹುಡುಗ್ರ ಕೈ ನಡುಗಾಕತ್ತಿರ್ತಾವ. ಅವ್ರ ಮನ್ಯಾಗ ಅವ್ವ-ಅಪ್ಪ ದಾರಿ ನೋಡಾಕತ್ತಿರ್ತಾರ."

ಮೂವತ್ತು ವರ್ಷ ಪರೀಕ್ಷಾ ಕೊಠಡಿಯಲ್ಲಿ ಚೀಟಿ ಹಿಡಿದ ನನಗೆ, ನನ್ನ ಒಡಹುಟ್ಟಿದವಳೇ ಚೀಟಿ ಎಂಬುದು ಗೊತ್ತಾದದ್ದು ಹೀಗೆ.

ವಾರ್ಡಿನಲ್ಲಿ ನನಗೆ ಮೂಲೆಯಲ್ಲೊಂದು ಸ್ಟೂಲ್ ಸಿಕ್ಕಿತು. ಪ್ರತಿ ವಿದ್ಯಾರ್ಥಿಗೆ ಅರ್ಧ ತಾಸು. ಮೊದಲಿಬ್ಬರಿಗೆ ಅಕ್ಕ ಮೆಲ್ಲಗೆ ಒಪ್ಪಿಸಿದಳು: "ಮೈಟ್ರಲ್ ಕವಾಟ ಬಿಗದದ, ಬರ್ಕೋ. ನಾಡಿ ಸಾಫ್ ಅದ, ಎಪ್ಪತ್ತೆರಡು." ಅವರು ಎದೆಗೆ ಸ್ಟೆತೊಸ್ಕೋಪ್ ತಾಗಿಸಿದ ಶಾಸ್ತ್ರ ಮಾಡಿ, ಪರೀಕ್ಷಕರಿಗೆ ಪಟಪಟ ಉತ್ತರ ಹೇಳಿ, ನಗುತ್ತಾ ಹೋದರು.

ಮೂರನೆಯವಳು ಬಂದಳು. ಹೆಸರು ಸಾನಿಯಾ. ಊರು ಕೇಳದೆ ಅಕ್ಕ ಯಾರಿಗೂ ನಾಡಿ ಹಿಡಿಯಲು ಕೈ ಕೊಡುವವಳಲ್ಲ.

"ಯಾವೂರವ್ವ ನಿಂದು?"

"ಮುಡಬಿ ರೀ ಅಮ್ಮಾ. ನಮ್ಮ ಅಬ್ಬಾ ಟೇಲರ್ ಇದ್ದಾರ. ಹೋದ ಸಲ ನಪಾಸ್ ಆಗೀನ್ರಿ. ಭಾಳ ನಿಧಾನ ಮಾಡ್ತೀನಂತ."

ಅಕ್ಕ ಕರಗಿ ನೀರಾದಳು. ಪೂರ್ತಿ ಉತ್ತರ ಎರಡೆರಡು ಸಲ ಹೇಳಿದಳು. ಹುಡುಗಿ ಬರೆದುಕೊಳ್ಳಲಿಲ್ಲ. ಮಣಿಕಟ್ಟು ಹಿಡಿದು, ಗಡಿಯಾರ ನೋಡುತ್ತಾ ನಿಂತುಬಿಟ್ಟಳು.

"ಎಪ್ಪತ್ತೆರಡು ಅಂತ ಹೇಳಾಕತ್ತೀನಲ್ಲ ತಂಗಿ."

"ಅಮ್ಮಾ, ಒಂದು ಮಿನಿಟ್ ಸುಮ್ನ ಇರ್ರಿ."

ಒಂದು ನಿಮಿಷ ಆಯಿತು. ಎದೆಯ ಮೇಲೆ ಸ್ಟೆತೊಸ್ಕೋಪ್ ಇಟ್ಟು ಇನ್ನೊಂದು ನಿಮಿಷ. ಮತ್ತೆ ಮಣಿಕಟ್ಟು. ಅಕ್ಕ ನನ್ನ ಕಡೆ ತಿರುಗಿ ಹಣೆ ಚಚ್ಚಿಕೊಂಡಳು. ನನಗೂ ಅದೇ ಚಿಂತೆ. ಈ ಹುಡುಗಿ ಮತ್ತೆ ನಪಾಸಾಗುತ್ತಾಳಲ್ಲ! ಅರ್ಧ ತಾಸು ಮುಗಿಯುವ ಹೊತ್ತಿಗೆ ಅವಳ ಹಾಳೆಯ ಕೆಳಗಿನ ಭಾಗ ಖಾಲಿಯೇ ಇತ್ತು.

ಪರೀಕ್ಷಕರು ಬಂದರು. ಬೇರೆ ಊರಿನಿಂದ ಬಂದ ಹಿರಿಯ ಡಾಕ್ಟರು.

"ಪಲ್ಸ್?"

"ತಾಳ ತಪ್ಪಾಕತ್ತದ ಸರ್."

ಅವರು ಕೈಲಿದ್ದ ಕೇಸ್ ಪೇಪರ್ ನೋಡಿದರು. "ಸರಿಯಾಗಿದೆ ಅಂತ ಇಲ್ಲಿದೆ. ನಿನಗಿಂತ ಮೊದಲಿನ ಇಬ್ಬರೂ ಹಾಗೇ ಹೇಳಿದ್ದಾರೆ. ಇನ್ನೊಮ್ಮೆ ಯೋಚಿಸು."

"ನಾ ಎರಡೆರಡು ಸಲ ಎಣಿಸೀನಿ ಸರ್. ಎದಿ ಮ್ಯಾಲ ಒಂದು ಲೆಕ್ಕ, ಕೈಯಾಗ ಅದಕ್ಕಿಂತ ಕಮ್ಮಿ ಬರಾಕತ್ತದ. ಬ್ಯಾರೆ ಹ್ಯಾಂಗ ಹೇಳ್ಲಿ?"

ಪರೀಕ್ಷಕರು ಅಕ್ಕನ ಕೈ ಹಿಡಿದರು. ಅವರೂ ಗಡಿಯಾರ ನೋಡಿದರು. ನಂತರ ಕಾಲೇಜಿನ ಡಾಕ್ಟರನ್ನು ಕರೆದು ಕೇಳಿದರು: "ಇವತ್ತು ಬೆಳಿಗ್ಗೆ ಇವರನ್ನು ನೋಡಿದವರು ಯಾರು?"

ಯಾರೂ ನೋಡಿರಲಿಲ್ಲ. ಹಳೇ ಕೇಸ್, ಗೊತ್ತಿರುವ ಅಜ್ಜಿ, ಹೋದ ವರ್ಷದ ಪೇಪರನ್ನೇ ಇಳಿಸಿಕೊಂಡಿದ್ದರು. ಅಕ್ಕ ಬಾಯಿಪಾಠ ಒಪ್ಪಿಸಿದ್ದಳು, ಹುಡುಗರು ಕಾಪಿ ಹೊಡೆದಿದ್ದರು, ಡಾಕ್ಟರುಗಳೂ ಕಾಪಿ ಹೊಡೆದಿದ್ದರು. ಏದುಸಿರನ್ನು ಕಣ್ಣಾರೆ ಕಂಡ ತಮ್ಮನಾದ ನಾನೂ 'ವಯಸ್ಸಾಯಿತು' ಅಂತ ಬರೆದು ಮುಗಿಸಿದ್ದೆ.

ಇಸಿಜಿ ಆಯಿತು. ಹುಡುಗಿ ಹೇಳಿದ್ದು ಸರಿ. ಬಡಿತ ತಾಳ ತಪ್ಪಿತ್ತು. ಹೀಗೇ ಬಿಟ್ಟಿದ್ದರೆ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋಗುವ ಅಪಾಯವಿತ್ತಂತೆ. ಅಕ್ಕನನ್ನು ಅಲ್ಲೇ ಅಡ್ಮಿಟ್ ಮಾಡಿಕೊಂಡರು. ಅಕ್ಕನಿಗೆ ಮಾತ್ರ ಒಂದೇ ಚಿಂತೆ: "ಆ ಪೋರಿ ಪಾಸ್ ಆದ್ಲೋ ಇಲ್ಲೋ ಕೇಳಿ ಬಾ."

ಪರೀಕ್ಷಕರು ಹೇಳುವ ಹಾಗಿರಲಿಲ್ಲ. ನಕ್ಕು, ತಮ್ಮ ಪೆನ್ನಿನ ಕ್ಯಾಪ್ ಹಾಕಿಕೊಂಡು ಹೋದರು.

ಆಮೇಲೆ ನಾನು ಯೋಚಿಸಿದೆ. ನನ್ನ ತರಗತಿಯಲ್ಲಿ ಮೊದಲು ಕೈ ಎತ್ತಿದವರೇ ಜಾಣರು. ನಿಧಾನಿಗಳಿಗೆ ನನ್ನ ಕಾಯಂ ಬೈಗುಳ, 'ನಿದ್ದೆ ಬಂತೇನೋ?' ಅವರಲ್ಲಿ ಎಷ್ಟು ಜನ ನಿದ್ದೆ ಮಾಡುತ್ತಿದ್ದರು, ಎಷ್ಟು ಜನ ಎಣಿಸುತ್ತಿದ್ದರು? ನಾಚಿಕೆಯಾಗುತ್ತದೆ, ಆದರೆ ಈಗ ಯಾರನ್ನು ಹುಡುಕಿ ಹೇಳಲಿ?

ಮೊನ್ನೆ ರಿಸಲ್ಟ್ ಬಂತು. ಸಾನಿಯಾ ತಾನೇ ಘಾಟಬೋರಾಳಕ್ಕೆ ಪೇಡೆ ತಂದಿದ್ದಳಂತೆ. ಪೇಡೆ ಕೊಡುವ ಮೊದಲು ಅಕ್ಕನ ಕೈ ಹಿಡಿದು ಪೂರ್ತಿ ಒಂದು ನಿಮಿಷ ಎಣಿಸಿದಳಂತೆ. ಅಕ್ಕ ಫೋನಿನಲ್ಲಿ ಇದನ್ನು ಎರಡೆರಡು ಸಲ ಹೇಳಿದಳು. ನನಗೆ ಕಣ್ಣು ತೇವವಾಯಿತು, ಸುಳ್ಳೇಕೆ ಹೇಳಲಿ.

"ಇನ್ನರ ಹುಡುಗ್ರಿಗೆ ಉತ್ತರ ಹೇಳೂದು ಬಿಡ್ತಿ ಇಲ್ಲೋ?" ಅಂತ ಕೇಳಿದೆ.

"ಯಾಕ ಬಿಡ್ಲಿ? ಮುಂದಿನ ವರ್ಷ ಬೇಕಂತನ ತಪ್ಪು ಹೇಳ್ತೀನಿ. ನನ್ ಮಾತು ನಂಬಲಾರದವ್ರಷ್ಟೇ ಡಾಕ್ಟರ್ ಆಗ್ಲಿ."