ನಕ್ಷತ್ರ ಕಟ್ಟದ ವರ್ಷ

ಡಿಸೆಂಬರ್ ಬಂತೆಂದರೆ ಅಪ್ಪ ಸ್ಟೂಲ್ ಹತ್ತಿ ಅಟ್ಟದಿಂದ ಕಾಗದದ ನಕ್ಷತ್ರ ಇಳಿಸುತ್ತಿದ್ದರು. ಠಾಕುರ್ಲಿಯ ನಮ್ಮ ಮೂರನೆಯ ಮಹಡಿಯ ಕಿಟಕಿಗೆ ಅದನ್ನು ಕಟ್ಟಿ ಒಳಗೆ ಬಲ್ಬ್ ಉರಿಸಿದರೆ ಮುಗಿಯಿತು, ಕ್ರಿಸ್ಮಸ್ ಹಾಡು ಹಾಡುತ್ತ ಬರುವ ಕ್ಯಾರಲ್‌ನವರಿಗೆ ಕರೆ ಹೋದ ಹಾಗೆ. ನಮ್ಮ ಕನ್ನಡ ಸಭೆಗೆ ಸ್ವಂತ ಚರ್ಚು ಇರಲಿಲ್ಲ. ಕಲ್ಯಾಣದಲ್ಲಿ ಮರಾಠಿ ಸಭೆಯವರು ಭಾನುವಾರ ಮಧ್ಯಾಹ್ನ ಮೂರಕ್ಕೆ ತಮ್ಮ ಚರ್ಚನ್ನು ನಮಗೆ ಬಿಟ್ಟುಕೊಡುತ್ತಿದ್ದರು. ಊಟದ ನಿದ್ದೆಗಣ್ಣಿನಲ್ಲೇ ನಮ್ಮ ಆರಾಧನೆ. ಕ್ರಿಸ್ಮಸ್ಸಿನ ಹಿಂದಿನ ವಾರ ಮಾತ್ರ ಎಲ್ಲರಿಗೂ ಜೀವ ಬರುತ್ತಿತ್ತು. ಹದಿನೈದಿಪ್ಪತ್ತು ಜನ ಗಿಟಾರು, ಢೋಲಕ್ ಹಿಡಿದು ಲೋಕಲ್ ರೈಲು ಹತ್ತಿ, ಡೊಂಬಿವಲಿ, ಠಾಕುರ್ಲಿ, ವಿಠ್ಠಲವಾಡಿ ಎಂದು ಸಭೆಯವರ ಮನೆಮನೆಗೆ ಹೋಗುತ್ತಿದ್ದರು.

ಬಂದವರು ಬೆಲ್ ಒತ್ತುವಂತಿಲ್ಲ. ಮುಚ್ಚಿದ ಬಾಗಿಲ ಹೊರಗೆ ನಿಂತು ಮೊದಲ ಚರಣ ಹಾಡಬೇಕು, ಅದು ಮುಗಿದ ಮೇಲೇ ಮನೆಯವರು ಬಾಗಿಲು ತೆಗೆಯಬೇಕು. ನಮ್ಮ ಅಮ್ಮ ಚಿಲಕ ಹಿಡಿದುಕೊಂಡೇ ನಿಂತಿರುತ್ತಿದ್ದಳು. ತೆಗೆದ ಕೂಡಲೇ, "ಬನ್ನಿ ಬನ್ನಿ, ಎಷ್ಟು ಹೊತ್ತು ಕಾಯಿಸುದು ಮಾರಾಯ್ರೇ!" ಅವರು ಹೇಳಿದ್ದಕ್ಕಿಂತ ಅರ್ಧ ಗಂಟೆ ಮೊದಲೇ ಬಂದರೂ ಅದೇ ಮಾತು.

ಒಳಗೆ ಬಂದ ಮೇಲೆ ಮನೆಯವರು ಆ ವರ್ಷದ ಕಷ್ಟಸುಖ ಹೇಳಬೇಕು, ಬಂದವರಲ್ಲಿ ಒಬ್ಬರು ಬೈಬಲಿನ ಒಂದು ವಚನ ಹೇಳಿ ಧೈರ್ಯ ತುಂಬಬೇಕು. ಅಪ್ಪನ ಕಂಪನಿ ಮುಚ್ಚಿದ ವರ್ಷ ಅವರು ಬಂದವರ ಚಪ್ಪಲಿಗಳನ್ನು ನೋಡುತ್ತ ಕೂತಿದ್ದರು. ಸಭೆಯ ಹಿರಿಯರೊಬ್ಬರು ರೈಲ್ವೆಯಲ್ಲಿದ್ದವರು, ಅವರನ್ನು ನಾವು ಅಂಕಲ್ ಎನ್ನುತ್ತಿದ್ದೆವು. ಅವರು ಬೈಬಲ್ ಮುಚ್ಚಿ, "ಕೆಲಸ ಹೋದದ್ದು ನಿನ್ನದೊಬ್ಬನದ್ದೇ ಅಲ್ಲ ಮಾರಾಯ. ನನ್ನ ತಮ್ಮ ಎರಡು ವರ್ಷ ಮನೆಯಲ್ಲಿ ಕೂತಿದ್ದ. ಈಗ ನೀನು ಹಾಡು" ಎಂದರು. ಅಪ್ಪ ಹಾಡಿದರು. ಅವರದು ಯಾವಾಗಲೂ ಒಂದೇ ಹಾಡು, ಅಜ್ಜನ ಕಾಲದ ಕೀರ್ತನೆ. ಅವರ ದಪ್ಪ ಸ್ವರದ ಮೇಲೆ ಅಮ್ಮನ ಸಣ್ಣ ಸ್ವರ ಸೇರುತ್ತಿತ್ತು. ನನ್ನದು ಕಾಗೆ ಕಂಠ. ನಾನು ಸುಮ್ಮನೆ ಬಾಯಿ ಆಡಿಸುತ್ತಿದ್ದೆ.

ಒಂದು ಆಗಸ್ಟಿನಲ್ಲಿ ಅಪ್ಪ ತೀರಿಕೊಂಡರು. ಬೆಳಿಗ್ಗೆ ಚಹಾ ಕುಡಿದವರು ಮಧ್ಯಾಹ್ನ ಇರಲಿಲ್ಲ.

ಸಾವಾದ ಮನೆಗೆ ಆ ವರ್ಷ ನಕ್ಷತ್ರ ಕಟ್ಟುವುದಿಲ್ಲ. ಆದರೆ ಹಿರಿಯರು ಮೊದಲೇ ಫೋನ್ ಮಾಡಿ ಕೇಳುತ್ತಾರೆ. ಬನ್ನಿ ಎಂದರೆ ಬಂದು, ಗಿಟಾರು ಗೋಡೆಗೊರಗಿಸಿ, ಹೋದವರ ಇಷ್ಟದ ಹಾಡನ್ನು ಮೆಲ್ಲಗೆ ಹಾಡುತ್ತಾರೆ. ಬೇಡವೆಂದರೆ ಕಟ್ಟಡದ ಕೆಳಗೆ ಒಂದು ನಿಮಿಷ ತಲೆಬಾಗಿ ನಿಂತು ಮುಂದೆ ಹೋಗುತ್ತಾರೆ.

ಅಮ್ಮನಿಗೆ ಆ ಒಂದು ಹಾಡು ಬೇಕಾಗಿತ್ತು. "ಅವರ ಹಾಡು ಈ ಮನೆಯಲ್ಲಿ ಒಂದು ಸಲ ಕೇಳಿದ್ರೆ ಸಾಕು ನಂಗೆ" ಎಂದು ಡಿಸೆಂಬರ್ ಪೂರ್ತಿ ಅದನ್ನೇ ಹೇಳುತ್ತಿದ್ದಳು. ಅಂಕಲ್ ಫೋನ್ ಬಂದಾಗ ಅವಳು ಸ್ನಾನಕ್ಕೆ ಹೋಗಿದ್ದಳು. ಎತ್ತಿಕೊಂಡವಳು ನಾನು.

"ಎಂತ ಮಗಾ, ಬರುದಾ ನಾವು? ಅಮ್ಮ ಎಂತ ಹೇಳ್ತಾರೆ?"

ನನಗೆ ದೇವರ ಮೇಲೆ ಸಿಟ್ಟು, ಜೋಡಿಯಾಗಿ ಬಂದು ಹಾಡುವ ಆ ಗಂಡ ಹೆಂಡಿರ ಮೇಲೆ ಇನ್ನೂ ಸಿಟ್ಟು. ಅಪ್ಪನ ಹಾಡನ್ನು ಬೇರೆ ಯಾರೋ ಹಾಡುವುದನ್ನು ಕೇಳಲು ನನ್ನಿಂದ ಆಗುತ್ತಿರಲಿಲ್ಲ. "ಬೇಡ ಅಂಕಲ್. ಅಮ್ಮನಿಗೆ ತಡೀಲಿಕ್ಕಾಗುದಿಲ್ಲ" ಎಂದೆ. ಅಮ್ಮನ ಹೆಸರಿನಲ್ಲಿ ನನ್ನ ಮಾತು.

ಆ ಸಂಜೆ ಅಮ್ಮ ಇಸ್ತ್ರಿ ಸೀರೆ ಉಟ್ಟು ಕಿಟಕಿಯಲ್ಲಿ ನಿಂತಿದ್ದಳು. ಅವರು ಕೆಳಗೆ ಬಂದರು, ತಲೆಬಾಗಿದರು, ಹೋದರು. ಪಕ್ಕದ ಕಟ್ಟಡದಿಂದ ಢೋಲಕ್ ಕೇಳಿಸಿತು.

"ನನ್ನನ್ನು ಒಂದು ಮಾತು ಕೇಳ್ಲಿಲ್ಲಲ್ಲಾ ಅವರು" ಎಂದಳು. ನಾನು ಕಿಟಕಿಯ ಪರದೆ ಎಳೆದೆ.

ಮುಂದಿನ ವರ್ಷ ಫೋನ್ ಮಾಡಿ ಕೇಳುವವರೇ ಉಳಿಯಲಿಲ್ಲ. ಅಂಕಲ್ ರಿಟೈರ್ ಆಗಿ ಉಡುಪಿಗೆ ಹೋದರು. ಕೆಲವರು ದೂರದ ನೆರೂಳಿಗೆ ಮನೆ ಬದಲಿಸಿದರು, ಮಕ್ಕಳು ಇಂಗ್ಲಿಷ್, ಹಿಂದಿ ಸಭೆ ಹಿಡಿದರು. ಮೂರು ಗಂಟೆಯ ಆರಾಧನೆಗೆ ಎಂಟು ಜನ, ಆಮೇಲೆ ಐದು, ಆಮೇಲೆ ಅದು ನಿಂತೇಹೋಯಿತು. ಆದರೂ ಡಿಸೆಂಬರಿನಲ್ಲಿ ಅಮ್ಮ ನನ್ನನ್ನು ಸ್ಟೂಲ್ ಹತ್ತಿಸಿ ನಕ್ಷತ್ರ ಕಟ್ಟಿಸಿದಳು, ಕ್ರಿಸ್ಮಸ್ಸಿನ ತಿಂಡಿ ರೋಸ್ ಕುಕ್ಕಿಸ್ ಕರಿದಳು, ದಿನಾ ಸಂಜೆ ಕಿಟಕಿಯಲ್ಲಿ ಕೂತಳು.

"ಯಾರೂ ಬರುದಿಲ್ಲಮ್ಮ."

"ಹೋದ ವರ್ಷ ನಕ್ಷತ್ರ ಇರ್ಲಿಲ್ಲ, ಅದಕ್ಕೆ ಬರ್ಲಿಲ್ಲ. ಈ ವರ್ಷ ಉಂಟಲ್ಲ!"

ನಾಲ್ಕನೆಯ ಸಂಜೆ ನನಗೆ ತಡೆಯಲಾಗಲಿಲ್ಲ. ಹೇಳಿಬಿಟ್ಟೆ. ಅಂಕಲ್ ಕೇಳಿದ್ದರು, ಬೇಡವೆಂದವಳು ನಾನು, ಅವರು ಹಾಡಲು ಬರಬಹುದಾಗಿದ್ದ ಕೊನೆಯ ವರ್ಷ ಅದೇ ಆಗಿತ್ತು.

ಅಮ್ಮ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಎದ್ದು ಬಾಗಿಲು ತೆಗೆದು, "ಹೊರಗೆ ನಡೆ" ಎಂದಳು.

"ಅಮ್ಮಾ..."

"ನಡೆ ಅಂದೆ."

ನನ್ನನ್ನು ಹೊರಗೆ ಹಾಕಿ ಬಾಗಿಲು ಮುಚ್ಚಿದಳು. ಎದುರು ಮನೆಯ ಮರಾಠಿ ಕಾಕೂ ತರಕಾರಿ ಚೀಲ ಹಿಡಿದು ಮೆಟ್ಟಿಲು ಹತ್ತಿ ಬಂದವರು, "ಕಾಯ್ ಝಾಲಂ ಗ?" ಎಂದರು. ಏನಾಯ್ತೆಂದು ಏನು ಹೇಳಲಿ? ಮೂವತ್ತು ದಾಟಿದ ಹೆಣ್ಣು ಬರಿಗಾಲಲ್ಲಿ ನಿಂತು ಅಳುತ್ತಿದ್ದೆ. ಒಳಗಿನಿಂದ ಹೆಜ್ಜೆ ಸಪ್ಪಳ ಕೇಳಲಿಲ್ಲ. ಅಮ್ಮ ಬಾಗಿಲ ಹಿಂದೆಯೇ ಇದ್ದಳು. ಚಿಲಕದ ಮೇಲೆ ಅವಳ ಬಳೆ ತಾಗಿದ ಸದ್ದು ಕೇಳಿತು.

ಆಗ ಅರ್ಥವಾಯಿತು.

ಅಪ್ಪನ ಹಾಡು ಶುರು ಮಾಡಿದೆ. ಸ್ವರ ಒಡೆಯಿತು, ಎರಡನೆಯ ಸಾಲು ತಪ್ಪಿತು, ಮತ್ತೆ ಮೊದಲಿನಿಂದ ಹಿಡಿದೆ. ಕಾಕೂ ಚೀಲ ಕೆಳಗಿಟ್ಟು ಸೆರಗು ತಲೆಗೆ ಹೊದ್ದು ನಿಂತರು. ಮೂರನೆಯ ಸಾಲಿಗೆ ಬಾಗಿಲಾಚೆಯಿಂದ ಅಮ್ಮನ ಸಣ್ಣ ಸ್ವರ ಬಂದು ಸೇರಿತು. ಕೆಳಗಿನ ದಪ್ಪ ಸ್ವರದ ಜಾಗ ಖಾಲಿಯೇ ಇತ್ತು. ಅದನ್ನು ಖಾಲಿ ಬಿಟ್ಟೇ ಚರಣ ಮುಗಿಸಿದೆವು.

ಬಾಗಿಲು ತೆರೆಯಿತು. ಅಮ್ಮನ ಕಣ್ಣು ಕೆಂಪಾಗಿತ್ತು, ಕೈಯಲ್ಲಿ ಕುಕ್ಕಿಸ್ ತಟ್ಟೆ.

"ಬನ್ನಿ ಬನ್ನಿ" ಎಂದಳು, "ಎಷ್ಟು ಹೊತ್ತು ಕಾಯಿಸುದು ಮಾರಾಯ್ರೇ."