ತೂಕದಕ್ಕನ ಎರಡನೇ ತಕ್ಕಡಿ

ಬೆಳಗಿನ ಐದೂವರೆಗೆ ಹೆದ್ದಾರಿ ಪಕ್ಕದ, ಭಾರ ತೂಗುವ ವೇಬ್ರಿಡ್ಜ್ ಮುಂದೆ ಆಗಲೇ ಹನ್ನೊಂದು ಲಾರಿಗಳು ಸಾಲುಗಟ್ಟಿವೆ. ಮೊದಲನೆಯದು ಗುರುಗುಟ್ಟುತ್ತ ಕಬ್ಬಿಣದ ಹಾಸಿನ ಮೇಲೆ ಏರಿ ನಿಲ್ಲುತ್ತದೆ. ಪಕ್ಕದಲ್ಲೊಂದು ಕೋಣೆ. ಕೋಣೆ ಅನ್ನುವುದು ದೊಡ್ಡ ಮಾತಾಯಿತು, ಕಿಟಕಿ ಇರುವ ಪೆಟ್ಟಿಗೆ ಅಂದುಕೊಳ್ಳಿ. ಒಳಗೆ ಕುಳಿತ ಐವತ್ತೆರಡರ ಹೆಂಗಸು ಪರದೆಯ ಮೇಲಿನ ಅಂಕಿ ಕುಣಿದು ನಿಲ್ಲುವ ತನಕ ಕಾದು, ಗುಂಡಿ ಒತ್ತಿ, ಚೀಟಿ ಹರಿದು ಕಿಟಕಿಯಾಚೆ ಚಾಚುತ್ತಾರೆ. ಚಾಲಕ ಚೀಟಿ ತೆಗೆದುಕೊಂಡರೂ ಅಲ್ಲಿಂದ ಕದಲುವುದಿಲ್ಲ.

"ಅಕ್ಕಾ, ಮಗಳದ್ದು ಏನಾಯ್ತು? ಇವತ್ತೇ ಅಲ್ವಾ ಕೊನೇ ದಿನ?"

"ಹನ್ನೊಂದು ಗಂಟೆವರೆಗೆ ಟೈಮ್ ಇದೆ. ನೀವು ಮೊದಲು ಗಾಡಿ ತೆಗೀರಿ, ಹಿಂದೆ ಹಾರ್ನ್ ಹೊಡೀತಿದ್ದಾರೆ!"

ಇವರು ತೂಕದಕ್ಕ. ಈ ದಾರಿಯ ಲಾರಿಯವರೆಲ್ಲ ಕರೆಯುವುದೇ ಹಾಗೆ. ಹತ್ತೊಂಬತ್ತು ವರ್ಷಗಳಿಂದ ಇದೇ ಕುರ್ಚಿ, ದಿನಕ್ಕೆ ನೂರೈವತ್ತರ ಆಸುಪಾಸು ಲಾರಿ. ಖಾಲಿ ಬಂದಾಗ ಒಂದು ತೂಕ, ಲೋಡ್ ತುಂಬಿ ಬಂದಾಗ ಇನ್ನೊಂದು. ಎರಡರ ನಡುವಿನ ವ್ಯತ್ಯಾಸವೇ ಸಾಮಾನಿನ ತೂಕ. ಇಷ್ಟೇ ಆಗಿದ್ದರೆ ಈ ಪುಟದಲ್ಲಿ ಅವರ ಸುದ್ದಿ ಬರುತ್ತಿರಲಿಲ್ಲ. ತೂಕದಕ್ಕನ ಕಂಪ್ಯೂಟರಿನಲ್ಲಿ ಇನ್ನೊಂದು ತಕ್ಕಡಿಯೂ ಇದೆ. ಅದು ತೂಗುವುದು ಮನುಷ್ಯರ ತಲೆನೋವನ್ನು!

ಅದೊಂದು ಪುಟ್ಟ ಪ್ರೋಗ್ರಾಮ್. ಎಡಗಡೆ ಕಾರಣಗಳ ಸಾಲು. ಪ್ರತಿ ಕಾರಣದ ಮುಂದೆ ಅದು ನಿಮಗೆ ಎಷ್ಟು ಮುಖ್ಯ ಅನ್ನುವುದಕ್ಕೆ ಹತ್ತರಲ್ಲಿ ಒಂದು ಅಂಕಿ. ನಿಮ್ಮೆದುರಿಗೆ ಎರಡು ದಾರಿ ಇದ್ದರೆ, ಆ ಕಾರಣದ ಮಟ್ಟಿಗೆ ಯಾವ ದಾರಿ ಎಷ್ಟು ಒಳ್ಳೆಯದು ಅನ್ನುವುದಕ್ಕೂ ಹತ್ತರಲ್ಲಿ ಒಂದೊಂದು ಅಂಕಿ. ಪ್ರೋಗ್ರಾಮ್ ಗುಣಿಸಿ, ಕೂಡಿ, ಕೆಳಗೆ ಎರಡು ಮೊತ್ತ ತೋರಿಸುತ್ತದೆ. ಹನ್ನೆರಡು ವರ್ಷದ ಹಿಂದೆ ತೂಕದ ಯಂತ್ರ ರಿಪೇರಿಗೆ ಬಂದಿದ್ದ ಮೆಕ್ಯಾನಿಕ್‌ನ ಬೆನ್ನು ಹತ್ತಿ, ಮೂರು ಮಧ್ಯಾಹ್ನ ಕೂತು ಕಲಿತದ್ದು. "ಗುಣಾಕಾರ ಬಂದರೆ ಸಾಕು, ಇದಕ್ಕೇನು ಮಹಾ ವಿದ್ಯೆ ಬೇಕಾ?" ಅನ್ನುತ್ತಾರೆ ತೂಕದಕ್ಕ. ಮಹಾ ವಿದ್ಯೆ ಇದ್ದವರಿಗೂ ಹೊಳೆಯದ್ದು ಇವರಿಗೆ ಹೊಳೆಯಿತಲ್ಲ, ಅದನ್ನು ಮಾತ್ರ ಬಾಯಿ ಬಿಟ್ಟು ಹೇಳುವುದಿಲ್ಲ.

ಇಲ್ಲಿಯವರೆಗೆ ನಾನೂರ ಹದಿನೇಳು ಜನ ಈ ತಕ್ಕಡಿ ಹತ್ತಿದ್ದಾರೆ. ಹಳೇ ಲಾರಿ ಮಾರಲೋ ಇಟ್ಟುಕೊಳ್ಳಲೋ ಎಂದು ಎರಡು ವರ್ಷ ಅಳೆದೂ ಸುರಿದೂ ಸುಸ್ತಾದವರು, ಆಪರೇಷನ್ ಈಗಲೋ ಆಮೇಲೋ ಎಂದು ಮೀನಮೇಷ ಎಣಿಸುತ್ತಿದ್ದ ಗ್ಯಾರೇಜಿನ ಯಜಮಾನರು, ಹೆಂಡತಿ ತೀರಿಕೊಂಡ ಎಂಟು ವರ್ಷಕ್ಕೆ ಮತ್ತೆ ಮದುವೆಯ ಯೋಚನೆ ಬಂದು ನಾಚುತ್ತ ನಿಂತ ಕ್ಲೀನರ್. ಮೀಸೆ ಡ್ರೈವರ್ ಎಂದೇ ಹೆಸರಾದ ಹಿರಿಯರೊಬ್ಬರು ಮೀಸೆ ಬೋಳಿಸಬೇಕೋ ಬೇಡವೋ ಎಂದು ಕೇಳಿಕೊಂಡು ಬಂದಿದ್ದರಂತೆ. ಬೋಳಿಸಿ ಅಂತ ಮೊತ್ತ ಬಂತು. ಮುಖ ಸಪ್ಪಗಾಯಿತು.

"ನಿಮ್ಮ ಮುಖ ನೋಡಿದ್ರೆ ಗೊತ್ತಾಗುತ್ತೆ, ಯಾವುದೋ ಕಾರಣ ಬಿಟ್ಟಿದ್ದೀರಿ. ಹೇಳಿ" ಎಂದರು ತೂಕದಕ್ಕ.

"ಮೊಮ್ಮಗಳು ಹಿಡ್ಕೊಂಡು ಆಡ್ತಾಳೆ ಕಣಕ್ಕಾ" ಎಂದು ಮೆಲ್ಲಗೆ ಬಾಯಿ ಬಿಟ್ಟರು ಅವರು.

ಆ ಕಾರಣ ಹತ್ತಕ್ಕೆ ಹತ್ತು ಪಡೆಯಿತು, ಮೀಸೆ ಉಳಿಯಿತು.

ಇವರ ಪದ್ಧತಿಯ ಜೀವಾಳ ಇರುವುದೇ ಇಲ್ಲಿ. ಕಾರಣಗಳು ನಿರ್ಧಾರದ ಫಲ ಉಣ್ಣುವವರ ಬಾಯಿಂದಲೇ ಬರಬೇಕು. ಅಂಕಿಯೂ ಅವರದ್ದೇ. ಜೊತೆಗೆ ಬಂದ ಭಾವ, ಸೋದರಮಾವ ಎಲ್ಲರೂ ಹೊರಗೆ ನಿಲ್ಲಬೇಕು. "ನಾನು ಬರೀ ಟೈಪ್ ಮಾಡೋಳು. ಬಾಯಿ ಹಾಕಿದ್ರೆ ತೂಕ ಕೆಡುತ್ತೆ" ಎನ್ನುತ್ತಾರೆ.

ಆದರೆ ದೀಪದ ಬುಡದಲ್ಲೇ ಕತ್ತಲೆ. ಮಗಳ ವಿಷಯ ಬಂದಾಗ ಆದದ್ದೂ ಅದೇ.

ಮಗಳಿಗೆ ಇಪ್ಪತ್ತೆರಡು. ಎದುರಿನ ಉಗ್ರಾಣದಲ್ಲಿ ಎರಡು ವರ್ಷದಿಂದ ಫೋರ್ಕ್‌ಲಿಫ್ಟ್ ಓಡಿಸುತ್ತಾಳೆ, ಟನ್‌ಗಟ್ಟಲೆ ಭಾರವನ್ನು ಬೆರಳಂಚಿನಲ್ಲಿ ಆಡಿಸುತ್ತಾಳೆ. ದೂರದ ಬಂದರಿನಲ್ಲಿ ದೊಡ್ಡ ಕ್ರೇನ್ ನಡೆಸುವ ಒಂಬತ್ತು ತಿಂಗಳ ತರಬೇತಿಗೆ ಅರ್ಜಿ ಹಾಕಿದ್ದಳು. ಆಯ್ಕೆಯೂ ಆಗಿದ್ದಾಳೆ! ಅಷ್ಟರಲ್ಲಿ ಉಗ್ರಾಣದವರು ಆಫೀಸಿನೊಳಗೆ ಕುರ್ಚಿ ಕೊಡುತ್ತೇವೆ ಎಂದಿದ್ದಾರೆ. ಬರುತ್ತೇನೋ ಇಲ್ಲವೋ ಎಂದು ಬಂದರಿಗೆ ಇವತ್ತು ಹನ್ನೊಂದರೊಳಗೆ ತಿಳಿಸಬೇಕು, ತಪ್ಪಿದರೆ ಆ ಜಾಗ ಮುಂದಿನವರಿಗೆ. ಪ್ರೋಗ್ರಾಮಿನಲ್ಲಿ ನಾಲ್ಕು ಸಲ ತೂಗಿಯಾಗಿದೆ. ಆಫೀಸಿಗೆ ಐನೂರ ಮೂವತ್ತೈದು, ಕ್ರೇನಿಗೆ ಇನ್ನೂರ ತೊಂಬತ್ತಾರು. ಮಗಳು ಎರಡು ದಿನದಿಂದ ಸರಿಯಾಗಿ ಉಂಡಿಲ್ಲ.

"ತಕ್ಕಡಿ ಹೇಳಿದ್ಮೇಲೆ ಮುಗೀತಲ್ಲ" ಎನ್ನುವ ತೂಕದಕ್ಕನ ದನಿಯಲ್ಲಿ ಎಂದಿನ ಕಸುವಿಲ್ಲ. ಏಳು ವರ್ಷದ ಹಿಂದೆ ಗೋಡೆಗೆ ಬಣ್ಣ ಹಚ್ಚುತ್ತಿದ್ದ ಗಂಡ ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡು ಆರು ತಿಂಗಳು ಮಲಗಿದ್ದರು. ಈಗ ಪಕ್ಕದಲ್ಲೇ ಲಾರಿ ಸೀಟು ಹೊಲಿಯುತ್ತ ಕುಂಟುತ್ತ ಓಡಾಡುತ್ತಾರೆ, ನಗುತ್ತಾರೆ. ಅಂದಿನಿಂದ ಎತ್ತರ ಎಂದರೆ ತೂಕದಕ್ಕನಿಗೆ ಎದೆ ಧಸಕ್ಕೆನ್ನುತ್ತದೆ. ಮನೆಯಲ್ಲಿ ಬಲ್ಬು ಬದಲಿಸಲೂ ಯಾರನ್ನೂ ಸ್ಟೂಲು ಹತ್ತಲು ಬಿಡುವುದಿಲ್ಲ.

ಒಂಬತ್ತೂ ಮುಕ್ಕಾಲಿಗೆ ಮೀಸೆ ಡ್ರೈವರ್ ಸಿಮೆಂಟ್ ತುಂಬಿದ ಲಾರಿಯನ್ನು ಹಾಸಿನ ಮೇಲೆ ತಂದು ನಿಲ್ಲಿಸುತ್ತಾರೆ. ಅಂಕಿ ಇಪ್ಪತ್ತನಾಲ್ಕು ಸಾವಿರದ ಆರುನೂರ ಎಂಬತ್ತಕ್ಕೆ ನಿಲ್ಲುತ್ತದೆ. ತೂಕದಕ್ಕ ಕಿಟಕಿಯಿಂದ ತಲೆ ಹಾಕಿ ಕೂಗುತ್ತಾರೆ.

"ಇಳೀರಿ ಮಾರಾಯ್ರೇ! ಖಾಲಿ ಗಾಡಿ ತೂಗಿದಾಗ ಕೆಳಗಿದ್ರಿ, ಈಗ ಒಳಗೇ ಕೂತಿದ್ದೀರಿ. ನಿಮ್ಮನ್ನೂ ಸಿಮೆಂಟ್ ಅಂತ ಮಾರ್ತೀರಾ?"

"ಮಂಡಿ ನೋವು ಅಕ್ಕಾ, ಇರೋದೇ ಒಂದು ಹಿಡಿ ಮನುಷ್ಯ ನಾನು…"

"ಒಂದು ಹಿಡಿನಾ? ಇಳೀರಿ, ನೋಡೇ ಬಿಡೋಣ!"

ಅವರು ಗೊಣಗುತ್ತ ಇಳಿಯುತ್ತಾರೆ. ಅಂಕಿ ಸರ್ರನೆ ತೊಂಬತ್ತು ಕಿಲೋ ಕೆಳಗಿಳಿಯುತ್ತದೆ. ಸಾಲಿನಲ್ಲಿದ್ದವರೆಲ್ಲ ಗೊಳ್ಳೆಂದು ನಗುತ್ತಾರೆ. ತೂಕದಕ್ಕನೂ ನಗಲು ಬಾಯಿ ತೆರೆದವರು ತೆರೆದಂತೆಯೇ ಉಳಿಯುತ್ತಾರೆ. ಚೀಟಿ ಕೊಟ್ಟವರೇ ಮಗಳ ಹಾಳೆಯನ್ನು ಪರದೆಯ ಮೇಲೆ ತೆರೆದು, ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಓದತೊಡಗುತ್ತಾರೆ. ಆಮೇಲೆ ಎದುರಿನ ಉಗ್ರಾಣದ ಕಡೆ ಮುಖ ಮಾಡಿ ಮಗಳ ಹೆಸರು ಹಿಡಿದು ಕೂಗಿದ ರಭಸಕ್ಕೆ ಮಗಳು ಓಡಿ ಬರುತ್ತಾಳೆ, ಸೀಟು ಹೊಲಿಯುತ್ತಿದ್ದ ಗಂಡನೂ ಸೂಜಿ ಬಿಟ್ಟು ಊರುಗೋಲು ಹಿಡಿದು ಕುಂಟುತ್ತ ಬರುತ್ತಾರೆ.

"ಇಲ್ಲಿ ನೋಡೇ. ಎಂಟು ಕಾರಣ ಇದೆ. ಕೆಲಸದ ಇಷ್ಟ, ಮುಂದೆ ಬೆಳೆಯೋದು, ಕೆಲಸದ ಭದ್ರತೆ, ಈ ಮೂರು ನೀನು ಹೇಳಿದ್ದು. ಎತ್ತರ ಯಾರು ಹೇಳಿದ್ದು?"

"ನೀನು."

"ದೂರ?"

"ನೀನೇ."

"ಊಟ-ನಿದ್ದೆ? ಒಂಟಿತನ? ಗಾಳಿ-ಮಳೆ?"

"ಎಲ್ಲಾ ನೀನೇ ಅಮ್ಮಾ. ಅಂಕಿನೂ ನೀನೇ ಹಾಕಿದ್ದು. ನಂಗೆ ಎತ್ತರ ಇಷ್ಟ, ನೀನು ಕೇಳಲೇ ಇಲ್ಲ."

ತೂಕದಕ್ಕ ಹಣೆ ಚಚ್ಚಿಕೊಳ್ಳುತ್ತಾರೆ. "ಇವೆಲ್ಲ ಐದು ಕಾರಣ ಅಲ್ಲ, ಒಂದೇ ಕಾರಣ. ನನ್ನ ಹೆದರಿಕೆ! ಅದನ್ನೇ ಐದು ಹೆಸರಲ್ಲಿ ಐದು ಸಲ ತೂಗಿಬಿಟ್ಟಿದ್ದೀನಿ. ನಾನೂರ ಹದಿನೇಳು ಜನಕ್ಕೆ ಬುದ್ಧಿ ಹೇಳಿದವಳು ನಾನು, ನನ್ನ ಮಗಳ ಲೋಡಿನ ಮೇಲೆ ನಾನೇ ಹತ್ತಿ ಕೂತಿದ್ದೀನಲ್ಲೇ!"

ಗಂಟೆ ಹತ್ತೂ ಕಾಲು. ಹೊರಗೆ ಹಾರ್ನುಗಳ ಮೇಳ. "ಎರಡು ನಿಮಿಷ ತಡೀರಪ್ಪ, ಅಕ್ಕನ ಮಗಳ ಬಾಳಿನ ಪ್ರಶ್ನೆ" ಎಂದು ಮೀಸೆ ಡ್ರೈವರ್ ರಸ್ತೆಗೇ ಕೈ ಅಡ್ಡ ಹಿಡಿದು ನಿಂತಿದ್ದಾರೆ. ತೂಕದಕ್ಕ ಐದೂ ಸಾಲು ಅಳಿಸಿ, ಅವುಗಳ ಜಾಗದಲ್ಲಿ 'ಅಮ್ಮನ ಹೆದರಿಕೆ' ಎಂದು ಒಂದೇ ಸಾಲು ಬರೆಯುತ್ತಾರೆ. ಆ ಹೆದರಿಕೆಯ ಮಟ್ಟಿಗೆ ಕ್ರೇನಿಗೆ ಒಂದು, ಆಫೀಸಿಗೆ ಹತ್ತು. ಅದು ನಿಜವೇ, ಅದರಲ್ಲಿ ಮುಚ್ಚುಮರೆ ಇಲ್ಲ. ಎಷ್ಟು ಮುಖ್ಯ ಅನ್ನುವ ಜಾಗಕ್ಕೆ ಬಂದಾಗ ಅವರ ಬೆರಳು ಸೊನ್ನೆಯ ಮೇಲೆ ಹೋಗುತ್ತದೆ.

ಮಗಳು ಕೈ ಹಿಡಿಯುತ್ತಾಳೆ. "ಫಲ ಉಣ್ಣೋರೇ ಅಂಕಿ ಹಾಕಬೇಕು ಅಂತ ನೀನೇ ಹೇಳ್ತೀಯಲ್ಲ. ಇದು ನನ್ನ ನಿರ್ಧಾರ. ಸೊನ್ನೆ ಬೇಡ."

"ಮತ್ತೆಷ್ಟು?"

"ಐದು ಹಾಕು. ನೀನು ಹೆದರ್ತೀಯ ಅನ್ನೋದು ನಂಗೂ ಅರ್ಧ ಮುಖ್ಯಾನೇ."

ತೂಕದಕ್ಕನ ಕಣ್ಣು ತುಂಬಿ ಬಂದು ಪರದೆ ಕಾಣಿಸದೆ, ಐದನ್ನು ಒತ್ತಿದವರು ಗಂಡ. ಮೂವರೂ ಪರದೆಗೆ ಬಾಗಿ ಕೆಳಗಿನ ಸಾಲು ನೋಡುತ್ತಾರೆ. ಕ್ರೇನಿಗೆ ಇನ್ನೂರ ಹದಿನೈದು, ಆಫೀಸಿಗೆ ನೂರ ತೊಂಬತ್ತೆಂಟು!

ಮಗಳು ಹಾಕಿದ ಕೇಕೆಗೆ ಹಾಸಿನ ಮೇಲೆ ಕಾಯುತ್ತಿದ್ದ ಲಾರಿಯ ಕ್ಲೀನರ್ ಬೆಚ್ಚಿ ಕೆಳಗೆ ಹಾರುತ್ತಾನೆ. ಗಂಡ ಊರುಗೋಲಿನಿಂದ ನೆಲ ಕುಟ್ಟುತ್ತ ನಗುತ್ತಾರೆ. ಹದಿನೇಳರ ವ್ಯತ್ಯಾಸ ಬಲು ಸಣ್ಣದು, ಅಂಕಿ ನೋಡಿ ಹಾರಾಡುವಂಥದ್ದೇನಲ್ಲ ಎಂದು ತೂಕದಕ್ಕ ವೃತ್ತಿಧರ್ಮಕ್ಕೆ ತಕ್ಕಂತೆ ಎಚ್ಚರಿಸುತ್ತಾರೆ. ಎಚ್ಚರಿಸುತ್ತಲೇ ಮಗಳ ಮುಖ ನೋಡುತ್ತಾರೆ. ಆ ಮುಖ ನೋಡಿದ ಮೇಲೆ ಮತ್ತೆ ತೂಗುವ ಮಾತೇ ಇಲ್ಲ. ಹತ್ತೂ ಮೂವತ್ತೆಂಟಕ್ಕೆ ಬಂದರಿಗೆ ಉತ್ತರ ಹೋಗುತ್ತದೆ. ಅಷ್ಟು ಹೊತ್ತಿಗೆ ಹೊರಗಿನ ಸಾಲಿನಲ್ಲಿ ಇಪ್ಪತ್ತಮೂರು ಲಾರಿ.

ಮಧ್ಯಾಹ್ನ ಸಾಲು ಕರಗಿದ ಮೇಲೆ ಚಹಾ ಕುಡಿಯುತ್ತ ತೂಕದಕ್ಕ ಹಾಳೆಯನ್ನು ಉಳಿಸಿ ಮುಚ್ಚುತ್ತಾರೆ. ಇದು ನಾನೂರ ಹದಿನೆಂಟನೆಯದು. ತಮ್ಮ ತಪ್ಪನ್ನು ಬಂದವರಿಗೆಲ್ಲ ಹೇಳುವುದಾಗಿ ಈಗಾಗಲೇ ತೀರ್ಮಾನಿಸಿದ್ದಾರೆ, ಆ ಬೆಳಿಗ್ಗೆಯೇ ಆರು ಜನಕ್ಕೆ ಹೇಳಿಯೂ ಆಗಿದೆ. ಇನ್ನೇನಾದರೂ ಆಸೆ ಉಂಟೇ ಎಂದು ಕೇಳಿದರೆ ಲೋಟ ಕೆಳಗಿಟ್ಟು, ಎದುರಿನ ಉಗ್ರಾಣದ ಮಾಡಿನಾಚೆ ಆಕಾಶದ ಕಡೆ ನೋಡುತ್ತಾರೆ.

"ಆ ಕ್ರೇನಿನ ಕ್ಯಾಬಿನ್‌ಗೆ ನೂರ ಎಂಬತ್ತು ಮೆಟ್ಟಿಲಂತೆ. ಅವಳ ತರಬೇತಿ ಮುಗಿದ ದಿನ ಒಂದ್ಸಲ ನಾನೂ ಹತ್ತಬೇಕು. ಎಷ್ಟು ಆಗುತ್ತೋ ಅಷ್ಟು. ಹತ್ತು ಮೆಟ್ಟಿಲು ಆದ್ರೂ ಸರಿ, ಅವಳು ಮೇಲಿಂದ ನೋಡಿದಾಗ ನಾನು ನೆಲದ ಮೇಲೆ ಇರಬಾರದು."